ಆಗಸ್ಟ್‌ನಲ್ಲಿ ಆಗುಂಬೆಯ ಸೂರ್ಯಾಸ್ತ ಸಿಗುವುದಿಲ್ಲ: ಮಲೆನಾಡಿನ ಫೋಟೊ ಪ್ರವಾಸದ ಪ್ರಶ್ನೆಗೆ ಉತ್ತರ

ಓದುಗರ ಪ್ರಶ್ನೆ: "ಸರ್, ನಾನು ಧಾರವಾಡದಲ್ಲಿ ಪ್ರೌಢಶಾಲಾ ಶಿಕ್ಷಕ. ಎರಡು ವರ್ಷದ ಹಿಂದೆ 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಅದರ ಜೊತೆಗೇ ಬರುವ 18–55 ಲೆನ್ಸ್ ಸಮೇತ ಕೊಂಡೆ. ಕಳೆದ ವರ್ಷ ಆಗಸ್ಟ್ 15ರ ರಜೆಗೆ ಒಂದೆರಡು ದಿನ ಸೇರಿಸಿಕೊಂಡು ಹೆಂಡತಿ, ಇಬ್ಬರು ಮಕ್ಕಳ ಜೊತೆ ನಾಲ್ಕು ದಿನದಲ್ಲಿ ಜೋಗ, ಆಗುಂಬೆ, ಕುದುರೆಮುಖ, ಮುಳ್ಳಯ್ಯನಗಿರಿ ನೋಡಿ ಬಂದೆವು. ಜೋಗದ ನೀರು ಬಿಳಿ ಪಂಚೆ ಒಣಹಾಕಿದ ಹಾಗೆ ಬಂದಿದೆ, ಒಂದು ಎಳೆಯೂ ಕಾಣುವುದಿಲ್ಲ. ಮುಳ್ಳಯ್ಯನಗಿರಿಯ ಮಂಜು ಕೊಳಕು ಬೂದು ಬಣ್ಣ. ಆಗುಂಬೆಯಲ್ಲಿ ಎರಡು ಗಂಟೆ ಕಾದರೂ ಸೂರ್ಯ ಕಾಣಲಿಲ್ಲ. ಎಲ್ಲ ಚಿತ್ರಗಳಲ್ಲೂ ಆಕಾಶ ಬರೀ ಬಿಳಿ. ಮನೆಗೆ ಬಂದು ಮೂರು ತಿಂಗಳಾದ ಮೇಲೆ ಲೆನ್ಸ್ ಒಳಗೆ ಎಳೆ ಎಳೆಯಾಗಿ ಏನೋ ಬೆಳೆದದ್ದು ಕಂಡಿತು. ಫುಲ್ ಫ್ರೇಮ್ ಕ್ಯಾಮೆರಾ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಈ ಆಗಸ್ಟ್‌ನಲ್ಲೂ ನಾಲ್ಕು ದಿನ ಸಿಗುತ್ತದೆ. ಮಲೆನಾಡಿನ ಛಾಯಾಗ್ರಾಹಕರಾಗಿ ನಿಮಗೆ ಇಷ್ಟವಾದ ಜಾಗಗಳು ಯಾವುವು? ನಾನು ಎಲ್ಲಿಗೆ ಹೋಗಲಿ, ಏನು ಕೊಳ್ಳಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆಗಳಿದ್ದರೂ ಆತಂಕ ಒಂದೇ: ತಪ್ಪು ಕ್ಯಾಮೆರಾದ್ದೋ, ನಿಮ್ಮದೋ? ಕ್ಯಾಮೆರಾದ್ದಂತೂ ಅಲ್ಲ. 24 ಮೆಗಾಪಿಕ್ಸೆಲ್ ಮತ್ತು 18–55 ಲೆನ್ಸ್ ಈ ನಾಲ್ಕೂ ಜಾಗಕ್ಕೆ ಸಾಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕೊಂಡು ಅದೇ ದಿನ, ಅದೇ ಹೊತ್ತಿಗೆ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದರೂ ನೀರು ಬಿಳಿಯಾಗಿಯೇ, ಮಂಜು ಬೂದಾಗಿಯೇ ಬರುತ್ತಿತ್ತು. ನಿಮ್ಮ ಪ್ರವಾಸದಲ್ಲಿ ಎಡವಿದ್ದು ಎರಡು ಕಡೆ. ಒಂದು, ಡಿಸೆಂಬರಿನಲ್ಲಿ ನೋಡಬೇಕಾದ್ದನ್ನು ಆಗಸ್ಟಿನಲ್ಲಿ ಹುಡುಕಿದಿರಿ. ಇನ್ನೊಂದು, ಬೆಳಕನ್ನು ಅಳೆಯುವ ಕೆಲಸವನ್ನು ಪೂರ್ತಿ ಕ್ಯಾಮೆರಾಗೆ ಬಿಟ್ಟಿರಿ. ಎರಡನ್ನೂ ದುಡ್ಡು ಖರ್ಚಿಲ್ಲದೆ ಸರಿಪಡಿಸಿಕೊಳ್ಳಬಹುದು.

ಇಷ್ಟದ ಜಾಗ ಯಾವುದು ಎಂದರೆ ಬರೀ ಹೆಸರು ಹೇಳಿ ಪ್ರಯೋಜನವಿಲ್ಲ. ಆಶ್ಲೇಷಾ ಮಳೆಯ ಕುದುರೆಮುಖಕ್ಕೂ ಹಸ್ತ ಮಳೆ ಕಳೆದ ಮೇಲಿನ ಕುದುರೆಮುಖಕ್ಕೂ ಕ್ಯಾಮೆರಾ ಹಿಡಿದವರ ಪಾಲಿಗೆ ಅಜಗಜಾಂತರ. ಆದ್ದರಿಂದ ಕೆಳಗೆ ಪ್ರತಿ ಜಾಗದ ಜೊತೆ ತಿಂಗಳು ಮತ್ತು ಹೊತ್ತನ್ನೂ ಸೇರಿಸಿಯೇ ಹೇಳುತ್ತೇನೆ.

ನೀರು ಬಿಳಿ, ಮಂಜು ಬೂದು: ಕಾರಣ ಒಂದೇ

ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡು-ಬೂದು ಬಣ್ಣದ್ದು ಎಂದು ಕ್ಯಾಮೆರಾದ ಮೀಟರ್ ಊಹಿಸುತ್ತದೆ. ಜೋಗದಲ್ಲಿ ಚಿತ್ರದ ಬಹುಭಾಗ ಕಪ್ಪು ಬಂಡೆ, ಕಡು ಹಸಿರು ಕಾಡು. ಇದು ತುಂಬಾ ಕತ್ತಲೆ ಎಂದುಕೊಂಡು ಮೀಟರ್ ಬೆಳಕು ಹೆಚ್ಚಿಸುತ್ತದೆ. ಬಂಡೆ ಬೂದಾಗುತ್ತದೆ, ನೀರಿನ ಬಿಳುಪು ಮಿತಿ ಮೀರಿ ಎಳೆಗಳೆಲ್ಲ ಅಳಿಸಿಹೋಗುತ್ತವೆ. ಮುಳ್ಳಯ್ಯನಗಿರಿಯ ಮಂಜಿನಲ್ಲಿ ನಡೆಯುವುದು ಇದರ ತಿರುವುಮುರುವು. ಚಿತ್ರವೆಲ್ಲ ಬಿಳಿಯಾಗಿರುವುದರಿಂದ ಮೀಟರ್ ಬೆಳಕು ಕಡಿಮೆ ಮಾಡುತ್ತದೆ, ಬಿಳಿ ಮಂಜು ಬೂದಿಯ ಬಣ್ಣಕ್ಕೆ ಇಳಿಯುತ್ತದೆ.

ಪರಿಹಾರ ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಪ್ಲಸ್–ಮೈನಸ್ ಗುರುತಿರುವ ಬಟನ್ ಅಥವಾ ಡಯಲ್ ಅದು. ಕಪ್ಪು ಬಂಡೆಯ ನಡುವಿನ ಜಲಪಾತಕ್ಕೆ ಮೈನಸ್ 0.7ರಿಂದ ಮೈನಸ್ 1.3. ದಟ್ಟ ಮಂಜಿಗೆ ಪ್ಲಸ್ 0.7ರಿಂದ ಪ್ಲಸ್ 1. ಒಂದು ಚಿತ್ರ ತೆಗೆದ ಕೂಡಲೆ ಹಿಸ್ಟೋಗ್ರಾಂ ನೋಡಿ. ಚಿತ್ರದಲ್ಲಿ ಕಪ್ಪು (ಎಡಕ್ಕೆ), ಬಿಳಿ (ಬಲಕ್ಕೆ) ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು. ಜಲಪಾತದ ಚಿತ್ರದಲ್ಲಿ ರೇಖೆ ಬಲ ಗೋಡೆಗೆ ಅಂಟಿ ನಿಂತಿದ್ದರೆ ಇನ್ನೂ ಮೈನಸ್‌ಗೆ ಹೋಗಬೇಕು. ಮಂಜಿನ ಚಿತ್ರದಲ್ಲಿ ಗುಡ್ಡದಂಥ ಭಾಗ ನಡುವೆಯೇ ನಿಂತಿದ್ದರೆ ಪ್ಲಸ್ ಸಾಲದು, ಅದು ಬಲಕ್ಕೆ ಸರಿಯಬೇಕು, ಆದರೆ ಗೋಡೆ ಮುಟ್ಟಬಾರದು. ಪರದೆಯ ಮೇಲೆ ಚಿತ್ರ ಚೆಂದ ಕಾಣುತ್ತಿದೆಯೇ ಎಂದು ನೋಡಿ ನಿರ್ಧರಿಸಬೇಡಿ. ಮಳೆಗಾಲದ ಮಬ್ಬಿನಲ್ಲಿ ಪರದೆ ಇರುವುದಕ್ಕಿಂತ ಪ್ರಕಾಶಮಾನವಾಗಿ ಕಾಣುತ್ತದೆ.

ಜೆಪೆಗ್ ಬದಲು, ಸೆನ್ಸರ್ ಹಿಡಿದ ಮಾಹಿತಿಯನ್ನು ಕುಗ್ಗಿಸದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ. ನೆರಳಿನ ಭಾಗವನ್ನು ಆಮೇಲೆ ಎರಡು ಸ್ಟಾಪ್‌ವರೆಗೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಎತ್ತಬಹುದು. ಪೂರ್ತಿ ಬಿಳಿಯಾದ ನೀರನ್ನು ಮಾತ್ರ ಯಾವ ಸಾಫ್ಟ್‌ವೇರೂ ಮರಳಿಸದು.

ಆಕಾಶ ಬಿಳಿಯಾಗುವುದು ಬೇರೆ ವಿಷಯ. ಮೋಡ ಕವಿದ ಆಕಾಶ ಕೆಳಗಿನ ಕಾಡಿಗಿಂತ ಮೂರು–ನಾಲ್ಕು ಸ್ಟಾಪ್ ಹೆಚ್ಚು ಪ್ರಕಾಶಮಾನ. ಮೇಲಾಗಿ ಆಗಸ್ಟಿನ ಮೋಡದಲ್ಲಿ ಆಕಾರವೇ ಇರುವುದಿಲ್ಲ, ಹಿಡಿದರೂ ಅಲ್ಲಿ ನೋಡಲು ಏನೂ ಇಲ್ಲ. ಚಿತ್ರದಿಂದ ಆಕಾಶವನ್ನು ಹೊರಗಿಡುವುದೇ ಮೇಲು. ಲೆನ್ಸನ್ನು ಸ್ವಲ್ಪ ಕೆಳಗೆ ಬಾಗಿಸಿ ಬಂಡೆ, ಮರ, ನೀರಷ್ಟನ್ನೇ ಇಟ್ಟುಕೊಳ್ಳಿ. ಮಳೆಗಾಲದ ಒಳ್ಳೆಯ ಚಿತ್ರಗಳನ್ನು ಗಮನಿಸಿ ನೋಡಿ, ಹೆಚ್ಚಿನವುಗಳಲ್ಲಿ ಆಕಾಶವೇ ಇಲ್ಲ.

ಜೋಗ: ನೀರು ಹೆಚ್ಚಿದ್ದಷ್ಟೂ ಚಿತ್ರ ಚೆನ್ನ ಎಂಬುದು ತಪ್ಪು ಎಣಿಕೆ

ಶರಾವತಿ 253 ಮೀಟರ್ ಆಳಕ್ಕೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಬೀಳುವುದು ನಿಮಗೆ ಗೊತ್ತೇ ಇದೆ. ಫೋಟೊಗೆ ಬರುವವರು ಗಮನಿಸಬೇಕಾದ್ದು ಮೇಲಿನ ಲಿಂಗನಮಕ್ಕಿ ಅಣೆಕಟ್ಟನ್ನು. 1964ರಿಂದ ಈಚೆಗೆ ಹೊಳೆಯ ನೀರು ಮೊದಲು ಅಲ್ಲಿ ನಿಲ್ಲುತ್ತದೆ. ಗೇಟು ತೆರೆಯದ ದಿನಗಳಲ್ಲಿ ಜೋಗಕ್ಕೆ ಬರುವುದು ಮುಖ್ಯವಾಗಿ ಅಣೆಕಟ್ಟಿಗೂ ಜಲಪಾತಕ್ಕೂ ನಡುವಿನ ಪ್ರದೇಶದಲ್ಲಿ ಬಿದ್ದ ಮಳೆಯ ನೀರು. ಅಂದರೆ ನೀವು ಹೋಗುವ ಹಿಂದಿನ ಎರಡು ದಿನ ತಾಳಗುಪ್ಪ, ಸಿದ್ದಾಪುರದ ಕಡೆ ಮಳೆ ಹೇಗಿತ್ತು ಎಂಬುದೇ ಲೆಕ್ಕ. ಜಲಾಶಯ ಭರ್ತಿ ಮಟ್ಟವಾದ 1819 ಅಡಿಗೆ ಹತ್ತಿರವಾದಾಗ ಗೇಟು ತೆರೆಯುತ್ತಾರೆ. ಒಳ್ಳೆಯ ಮಳೆಯ ವರ್ಷಗಳಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದು ನಡೆಯುತ್ತದೆ. ಜಲಾಶಯದ ಮಟ್ಟ ದಿನಪತ್ರಿಕೆಗಳಲ್ಲಿ ಬರುತ್ತದೆ, ಹೊರಡುವ ಮುಂಚಿನ ವಾರ ನೋಡಿಕೊಳ್ಳಿ.

ಗೇಟು ತೆರೆದ ದಿನ ಜನಸಾಗರವೇ ಸೇರುತ್ತದೆ. ಆ ಸದ್ದು, ಆ ನಡುಕ ಎದುರು ನಿಂತು ಅನುಭವಿಸಬೇಕಾದ್ದು, ಮಕ್ಕಳಿಗೆ ತೋರಿಸಲೇಬೇಕು. ಚಿತ್ರಕ್ಕೆ ಮಾತ್ರ ಅದು ಕಷ್ಟದ ದಿನ. ನಾಲ್ಕು ಕವಲು ಒಂದಾಗಿ ಬಂಡೆಯೇ ಮುಚ್ಚಿಹೋಗುತ್ತದೆ, ತುಂತುರು ಎದ್ದು ಕಣಿವೆ ತುಂಬುತ್ತದೆ. ನಾಲ್ಕೂ ಕವಲು ಬಿಡಿಯಾಗಿ, ನಡುವೆ ಕಪ್ಪು ಬಂಡೆ ಕಾಣುವಷ್ಟು ನೀರಿರುವಾಗ ಜೋಗದ ಚಿತ್ರ ಚೆನ್ನ. ಸಾಮಾನ್ಯವಾಗಿ ಅದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್. ಆಗಸ್ಟಿನಲ್ಲೂ ಮಳೆ ಒಂದು ದಿನ ಹೊಳವು ಕೊಟ್ಟರೆ ಸಿಗುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಮುಖ್ಯ ವೀಕ್ಷಣಾ ಸ್ಥಳದಿಂದ ನೋಡುವಾಗ ಬೆಳಿಗ್ಗೆ ಬಂಡೆಯ ಮುಖ ನೆರಳಿನಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಬಂದರೆ ಬಂಡೆಯ ಮುಖಕ್ಕೆ ನೇರ ಬೀಳುತ್ತದೆ, ಕಾಮನಬಿಲ್ಲು ಮೂಡುವುದೂ ಆಗಲೇ. ಬಿಲ್ಲು ಯಾವಾಗಲೂ ಸೂರ್ಯ ನಿಮ್ಮ ಬೆನ್ನಿಗಿರುವಾಗ, ನಿಮ್ಮ ತಲೆಯ ನೆರಳಿನ ದಿಕ್ಕಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಕಾಣುತ್ತದೆ. ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ, ತಿರುಗಿಸುವ ಫಿಲ್ಟರ್) ಹಾಕಿದ್ದರೆ ಅದನ್ನು ತಿರುಗಿಸುವಾಗ ಜಾಗ್ರತೆ, ಒಂದು ಕೋನದಲ್ಲಿ ಬಿಲ್ಲೇ ಮಾಯವಾಗುತ್ತದೆ.

ಮಂಜು ಕವಿದು ಏನೂ ಕಾಣದಿದ್ದರೆ ಹೊರಡಬೇಡಿ. ಜೋಗದ ಮಂಜು ಗಾಳಿಯ ಜೊತೆ ಬರುತ್ತದೆ, ಹೋಗುತ್ತದೆ. ಒಂದು ಗಂಟೆ ಮುಚ್ಚಿದ್ದು ಐದು ನಿಮಿಷ ತೆರೆಯುತ್ತದೆ. ಆ ಐದು ನಿಮಿಷಕ್ಕೆ ಟ್ರೈಪಾಡ್, ಫೋಕಸ್, ಎಕ್ಸ್‌ಪೋಷರ್ ಎಲ್ಲ ಮೊದಲೇ ಸಿದ್ಧವಾಗಿರಬೇಕು. ಒಂದೇ ದಿನದಲ್ಲಿ ಜೋಗ ಮುಗಿಸಿ ಸಂಜೆಗೆ ಆಗುಂಬೆ ತಲುಪುವ ಲೆಕ್ಕಾಚಾರದವರಿಗೆ ಇದು ದಕ್ಕುವುದಿಲ್ಲ.

ನೀರನ್ನು ರೇಷ್ಮೆಯಂತೆ ನಯವಾಗಿಸಬೇಕು ಎಂಬುದು ಈಗ ಎಲ್ಲರ ಹಂಬಲ. ಜೋಗಕ್ಕೆ ಅದು ಒಪ್ಪುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ರಾಕೆಟ್ ಕವಲು ಬಂಡೆಯಿಂದ ಚಿಮ್ಮಿ ಚಿಮ್ಮಿ ಬೀಳುತ್ತದೆ, ಅದರ ಹೆಸರಿನಲ್ಲೇ ಅದಿದೆ. 1/250ರಿಂದ 1/500 ಸೆಕೆಂಡಿನಲ್ಲಿ ತೆಗೆದರೆ ಆ ಚಿಮ್ಮುವಿಕೆ ಉಳಿಯುತ್ತದೆ. ಮಬ್ಬು ಬೆಳಕಿನಲ್ಲಿ ಎಫ್/8 (ಲೆನ್ಸಿನ ರಂಧ್ರದ ಅಳತೆ), ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 400ರಿಂದ 800 ಬೇಕಾದೀತು, ಹಿಂಜರಿಯಬೇಡಿ. ನಯವಾದ ನೀರು ಚೆನ್ನಾಗಿ ಕಾಣುವುದು ದಾರಿ ಬದಿಯ ಸಣ್ಣ ತೊರೆಗಳಲ್ಲಿ. ಅಲ್ಲಿ 1/4ರಿಂದ 1 ಸೆಕೆಂಡ್ ಸಾಕು. ನಾಲ್ಕೈದು ಸೆಕೆಂಡಿಗೆ ಹೋದರೆ ನೀರಿನ ಆಕಾರವೇ ಕರಗಿ ನಿಮ್ಮ ಹಳೆಯ ಚಿತ್ರದ ಸ್ಥಿತಿಗೇ ಮರಳುತ್ತದೆ.

ಆಗುಂಬೆಯ ಸೂರ್ಯ

ಸೂರ್ಯಾಸ್ತ ನೋಡುವ ಜಾಗ ಘಾಟಿಯ ತಲೆಯ ಮೇಲಿದೆ. ಅರಬ್ಬಿ ಸಮುದ್ರದಿಂದ ಬರುವ ಮಳೆಮೋಡಗಳು ಮೊದಲು ಡಿಕ್ಕಿ ಹೊಡೆಯುವುದೇ ಆ ಗೋಡೆಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ದಿಗಂತ ತೆರೆಯುವುದು ಅಪರೂಪ. ನೀವು ಕಾದದ್ದರಲ್ಲಿ ತಪ್ಪಿಲ್ಲ, ತಿಂಗಳು ಸರಿಯಿರಲಿಲ್ಲ.

ನವೆಂಬರ್ ನಡುವಿನಿಂದ ಜನವರಿವರೆಗೆ ಬನ್ನಿ. ಆಗ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ, ಡಿಸೆಂಬರ್ ಕೊನೆಗೆ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತದೆ. ಕಟ್ಟೆಯ ಮೇಲೆ ಜಾಗ ಹಿಡಿಯುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮುಂದಿನ ಮರ ಅಡ್ಡ ಬರುವುದಿಲ್ಲ. ಇನ್ನೊಂದು ಮಾತು: 18 ಮಿಲಿಮೀಟರಿನಲ್ಲಿ ಸೂರ್ಯನ ಬಿಂಬ ಚಿತ್ರದ ಎತ್ತರದ ನೂರನೇ ಒಂದು ಭಾಗದಷ್ಟೇ ಬರುತ್ತದೆ, 250 ಮಿಲಿಮೀಟರಿನಲ್ಲಿ ಸುಮಾರು ಏಳನೇ ಒಂದು ಭಾಗ. ಕಣ್ಣಿಗೆ ದೊಡ್ಡದಾಗಿ ಕಂಡದ್ದು ಚಿತ್ರದಲ್ಲಿ ಚುಕ್ಕೆಯಾಗುವುದು ಹೀಗೆ. ದೊಡ್ಡ ಲೆನ್ಸ್ ಹಾಕಿದಾಗ ಗಾಜಿನ ವ್ಯೂಫೈಂಡರ್ ಮೂಲಕ ಸೂರ್ಯನನ್ನು ನೋಡಬೇಡಿ, ಕಣ್ಣಿಗೆ ಅಪಾಯ. ಹಿಂದಿನ ಪರದೆಯಲ್ಲೇ ನೋಡಿ.

ಹಾಗಾದರೆ ಆಗಸ್ಟಿನ ಆಗುಂಬೆ ವ್ಯರ್ಥವೇ? ಖಂಡಿತ ಅಲ್ಲ. ಪಾಚಿ ಹತ್ತಿದ ಕಾಂಡಗಳು, ಬಳ್ಳಿಗಳು, ಮಂಜಿನಲ್ಲಿ ಒಂದರ ಹಿಂದೊಂದು ಮಸುಕಾಗುತ್ತಾ ಹೋಗುವ ಮರಗಳು, ಅಣಬೆಗಳು. ಇವಕ್ಕೆ ಬಿಸಿಲು ಬೇಡವೇ ಬೇಡ. ಇಲ್ಲಿ ಪೋಲರೈಸರ್ ಬಹಳ ಕೆಲಸಕ್ಕೆ ಬರುತ್ತದೆ. ನೆನೆದ ಎಲೆಯ ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಹಸಿರು ಹೊರಬರುತ್ತದೆ. ಬೆಳಕು ಒಂದೂವರೆ ಸ್ಟಾಪಿನಷ್ಟು ಕಡಿಮೆಯಾಗುವುದರಿಂದ ಟ್ರೈಪಾಡ್ ಬೇಕು. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿಟ್ಟರೆ ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣ ಬರುತ್ತದೆ, 5500ರಿಂದ 6000 ಕೆಲ್ವಿನ್‌ಗೆ ಕಟ್ಟಿಹಾಕಿ.

ಉಂಬಳಕ್ಕೆ (ಜಿಗಣೆಗೆ) ಹೆದರಬೇಡಿ. ಮೊಣಕಾಲಿನವರೆಗಿನ ದಪ್ಪ ಬಟ್ಟೆಯ ಲೀಚ್ ಸಾಕ್ಸ್ ಹಾಕಿ, ಹೊರಗೆ ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು ಸವರಿಕೊಳ್ಳಿ. ಹತ್ತಿದರೆ ಎಳೆದು ಕೀಳಬೇಡಿ, ಉಗುರನ್ನು ಚರ್ಮಕ್ಕೆ ತಾಗಿಸಿ ಜಾರಿಸಿದರೆ ಬಿಡುತ್ತದೆ. ಟ್ರೈಪಾಡನ್ನು ತರಗೆಲೆಯ ಮೇಲೆ ಇಟ್ಟಿದ್ದರೆ ಮಡಚುವ ಮುನ್ನ ಅದರ ಕಾಲನ್ನೂ ನೋಡಿ, ಎಷ್ಟೋ ಉಂಬಳಗಳು ಕಾರಿಗೆ ಹತ್ತುವುದು ಆ ದಾರಿಯಲ್ಲೇ.

ಕುದುರೆಮುಖ ಮತ್ತು ಗಿರಿಗಳು

ಒಂದೇ ಜಾಗ ಆರಿಸು ಎಂದರೆ ಕುದುರೆಮುಖದ ಹುಲ್ಲುಗಾವಲು ಮತ್ತು ಶೋಲಾ ಕಾಡನ್ನೇ ಆರಿಸುತ್ತೇನೆ. ಬೋಳು ಹಸಿರು ಬೆಟ್ಟ, ಅದರ ಮಡಿಲಿನ ನೀರಿನ ಜಾಡಿನಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು. ಆಕಾರವೇ ಚಿತ್ರ ಬಿಡಿಸಿಕೊಟ್ಟಂತೆ ಇದೆ. ಆದರೆ ಅದನ್ನು ಬಿಡಿಸಿ ತೋರಿಸುವುದು ಓರೆಯಾಗಿ ಬೀಳುವ ಬಿಸಿಲು. ಆಗಸ್ಟಿನ ಮೋಡದಡಿ ಇಡೀ ಬೆಟ್ಟ ಒಂದೇ ಹಸಿರು ಗೋಡೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮೋಡ ಒಡೆದು ಓಡುತ್ತಿರುತ್ತದೆ, ಬಿಸಿಲಿನ ತುಂಡು ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟುತ್ತದೆ. ಹುಲ್ಲು ಆಗಲೂ ಹಸಿರಾಗಿಯೇ ಇರುತ್ತದೆ. ಒಂದು ಫ್ರೇಮು ಕಟ್ಟಿಕೊಂಡು, ಬಿಸಿಲಿನ ತುಂಡು ಬೇಕಾದ ಜಾಗಕ್ಕೆ ಬರುವ ತನಕ ಕಾಯುವುದೇ ಇಲ್ಲಿನ ಕೆಲಸ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ.

ಇಲ್ಲಿ ಅಗಲ ಲೆನ್ಸ್ ನಿರಾಸೆ ಮಾಡುತ್ತದೆ. ಎದುರಿಗೆ ಬೃಹತ್ತಾಗಿ ಕಂಡ ಬೆಟ್ಟ 18 ಮಿಲಿಮೀಟರಿನಲ್ಲಿ ಸಣ್ಣ ದಿಬ್ಬವಾಗುತ್ತದೆ. ನೀವು ಏನಾದರೂ ಕೊಳ್ಳಲೇಬೇಕೆಂದಿದ್ದರೆ ಫುಲ್ ಫ್ರೇಮ್ ಬೇಡ, 55–250 ಅಥವಾ 70–300ರ ಹಗುರ ಲೆನ್ಸ್ ಒಂದನ್ನು ಕೊಳ್ಳಿ. ನಿಸರ್ಗದ ಚಿತ್ರಕ್ಕೆ ಅಗಲ ಲೆನ್ಸೇ ಬೇಕು ಎಂಬ ಮಾತನ್ನು ನಮ್ಮ ಪಶ್ಚಿಮಘಟ್ಟದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಒಂದರ ಹಿಂದೊಂದು ಏರುವ ಬೆಟ್ಟದ ಸಾಲುಗಳನ್ನು ಹತ್ತಿರ ತಂದು ಜೋಡಿಸುವುದು ಉದ್ದ ಲೆನ್ಸು.

ಕುದುರೆಮುಖ ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ. ಹೋಗಿ ಬರಲು ಒಟ್ಟು ಸುಮಾರು 20 ಕಿಲೋಮೀಟರ್ ನಡಿಗೆ. ಮಳೆಯಲ್ಲಿ, ಮಕ್ಕಳ ಜೊತೆ, ಕ್ಯಾಮೆರಾ ಚೀಲ ಹೊತ್ತು ಇದನ್ನು ಮಾಡುವುದು ಬೇಡ. ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲೂ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ತಪಾಸಣಾ ಠಾಣೆಯಲ್ಲಿ ಎಲ್ಲಿ ನಿಲ್ಲಬಹುದು ಎಂದು ಕೇಳಿಯೇ ಮುಂದೆ ಹೋಗಿ.

ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರ್. ಚಿತ್ರಗಳಲ್ಲಿ ನೋಡುವ ಮೋಡದ ಕಡಲು ಆಗಸ್ಟಿನದ್ದಲ್ಲ. ಆಗಸ್ಟಿನಲ್ಲಿ ನೀವು ಮೋಡದ ಒಳಗೇ ಇರುತ್ತೀರಿ, ಜೊತೆಗೆ ಟ್ರೈಪಾಡನ್ನೇ ಅಲ್ಲಾಡಿಸುವ ಗಾಳಿ. ಮೋಡದ ಕಡಲಾಗಲು ರಾತ್ರಿ ಆಕಾಶ ಶುಭ್ರವಾಗಿರಬೇಕು, ಗಾಳಿ ಇರಬಾರದು, ನೆಲದಲ್ಲಿ ತೇವವಿರಬೇಕು. ಆಗ ಕಣಿವೆಯ ಗಾಳಿ ತಣಿದು ಅಲ್ಲೇ ಇಬ್ಬನಿಯಾಗಿ ನಿಲ್ಲುತ್ತದೆ, ಅದರ ಮೇಲೆ ನೀವು ನಿಂತಿರುತ್ತೀರಿ. ಇದು ಕೂಡಿಬರುವುದು ಅಕ್ಟೋಬರ್ ಕೊನೆಯಿಂದ ಜನವರಿವರೆಗೆ, ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಒಂದೂವರೆ ಗಂಟೆ ನಂತರದವರೆಗೆ. ಹಿಂದಿನ ದಿನ ಮಳೆ ಬಿದ್ದು ರಾತ್ರಿ ನಕ್ಷತ್ರ ಕಂಡರೆ ಮರುದಿನ ಬೆಳಿಗ್ಗೆ ಬಹುಪಾಲು ಖಾತ್ರಿ. ತೀರ್ಥಹಳ್ಳಿ ಕಡೆಯ ಕುಂದಾದ್ರಿಗೂ ಇದೇ ಲೆಕ್ಕ, ಅಲ್ಲಿ ಜನವೂ ಕಡಿಮೆ. ಮುಳ್ಳಯ್ಯನಗಿರಿ ಭಾಗಕ್ಕೆ ಈಗ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿ ಮಾಡಿದ್ದಾರೆ, ಹೊರಡುವ ಮುನ್ನ ಅದನ್ನು ಮುಗಿಸಿಕೊಳ್ಳಿ.

ಈ ಆಗಸ್ಟಿಗೆ ಎರಡು ದಾರಿ

ಕಳೆದ ಸಲದ ನಾಲ್ಕು ಜಾಗ, ನಾಲ್ಕು ದಿನದ ಪ್ರವಾಸದಲ್ಲಿ ಬೆಳಕಿನ ಒಳ್ಳೆಯ ಹೊತ್ತೆಲ್ಲ ಕಾರಿನಲ್ಲೇ ಕಳೆದಿರುತ್ತದೆ. ಈ ಸಲ ಎರಡಕ್ಕಿಂತ ಹೆಚ್ಚು ನೆಲೆ ಬೇಡ.

ಮೊದಲ ದಾರಿ, ಶಿರಸಿ ಅಥವಾ ಸಿದ್ದಾಪುರದಲ್ಲಿ ಮೂರು ರಾತ್ರಿ ಉಳಿದು ಜೋಗಕ್ಕೆ ಎರಡು ಸಲ, ಅಘನಾಶಿನಿ ನದಿಯ ಉಂಚಳ್ಳಿ ಜಲಪಾತಕ್ಕೆ ಒಂದು ಸಲ ಹೋಗುವುದು. ಉಂಚಳ್ಳಿ 116 ಮೀಟರ್ ಎತ್ತರದಿಂದ ಕಾಡಿನ ನಡುವೆ ಬೀಳುತ್ತದೆ. ನಡುವಿನ ಹೊತ್ತಿನಲ್ಲಿ ತೋಟ, ಹಳ್ಳ, ಮಂಜಿನ ಕಾಡು. ಇದರ ಅಪಾಯ ಎಂದರೆ ಜಡಿಮಳೆ ಹಿಡಿದರೆ ನಾಲ್ಕೂ ದಿನ ಜಲಪಾತ ಕಾಣದೇ ಹೋಗಬಹುದು. ಘಟ್ಟದ ರಸ್ತೆಗಳು ಕುಸಿದು ಮುಚ್ಚುವುದೂ ಉಂಟು.

ಎರಡನೆಯದು, ಎರಡು ರಾತ್ರಿ ಜೋಗದ ಕಡೆ ಇಟ್ಟುಕೊಂಡು ಉಳಿದ ದಿನಗಳನ್ನು ಬಯಲುಸೀಮೆಗೆ ಕೊಡುವುದು. ಧಾರವಾಡದವರಿಗೆ ಇದೇ ಹೆಚ್ಚು ಒಳ್ಳೆಯದೆಂದು ನನಗೆ ತೋರುತ್ತದೆ, ಏಕೋ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಘಟ್ಟ ದಾಟಿದ ಮೇಲೆ ಮಳೆ ಕಡಿಮೆ, ಆದರೆ ಮೋಡಗಳ ಮೆರವಣಿಗೆ ಇದ್ದೇ ಇರುತ್ತದೆ. ಆಕಾಶಕ್ಕೆ ಆಕಾರ ಸಿಗುವುದು ಇಲ್ಲೇ. ಘಟಪ್ರಭೆಯ ಗೋಕಾಕ ಜಲಪಾತ ಎತ್ತರದಲ್ಲಿ ಜೋಗದ ಐದನೇ ಒಂದು ಭಾಗ, 52 ಮೀಟರ್. ಆದರೆ ಮರಳುಗಲ್ಲಿನ ಕುದುರೆಲಾಳದ ಆಕಾರದ ಬಂಡೆಯ ಮೇಲೆ ಕೆಂಬಣ್ಣದ ಹೊಸ ನೀರು ಹರಡಿ ಬೀಳುವ ನೋಟ ಬೇರೆಲ್ಲೂ ಇಲ್ಲ. ಆ ಕೆಂಪು ನೀರನ್ನು ಎಡಿಟಿಂಗ್‌ನಲ್ಲಿ ಬಿಳಿ ಮಾಡಲು ಹೋಗಬೇಡಿ, ಅದೇ ಅದರ ಚೆಲುವು. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಪಶ್ಚಿಮದ ದಂಡೆಯಲ್ಲಿ ಸಂಜೆ ನಿಂತರೆ ಇಳಿಬಿಸಿಲು ಎದುರಿನ ಭೂತನಾಥ ಗುಡಿಗೂ ಅದರ ಹಿಂದಿನ ಕೆಂಪು ಬಂಡೆಗೂ ನೇರ ಬೀಳುತ್ತದೆ. ಮಳೆಗಾಲದಲ್ಲಿ ಹೊಂಡ ತುಂಬಿರುವುದರಿಂದ ಪ್ರತಿಬಿಂಬವೂ ಸಿಗುತ್ತದೆ. 18 ಮಿಲಿಮೀಟರ್, ಎಫ್/11, ಫೋಕಸ್ ಸುಮಾರು 1.6 ಮೀಟರ್ ದೂರಕ್ಕೆ. ನಿಮ್ಮ ಕ್ಯಾಮೆರಾದಲ್ಲಿ ಆಗ ಕಾಲ ಬಳಿಯ 80 ಸೆಂಟಿಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ. ಎಫ್/22ಕ್ಕೆ ಹೋದರೆ ಇನ್ನೂ ಸ್ಪಷ್ಟವಾಗುತ್ತದೆ ಎಂಬುದು ನಿಜವಲ್ಲ, ಬೆಳಕು ಸಣ್ಣ ರಂಧ್ರದ ಅಂಚಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಹಂಪಿಯನ್ನು ಇದಕ್ಕೇ ಸೇರಿಸಬಹುದಾದರೂ ಅದಕ್ಕೆ ಪ್ರತ್ಯೇಕ ಮೂರು ದಿನ ಕೊಡಿ. ಅಲ್ಲಿನ ಉರುಟು ಬಂಡೆಗಳು ಭೂಕಂಪಕ್ಕೆ ಉರುಳಿ ಬಂದವಲ್ಲ. ಬಿರುಕುಬಿಟ್ಟ ಗ್ರಾನೈಟಿನ ಅಂಚುಗಳನ್ನು ನೀರು ನೆಲದೊಳಗೇ ಸವೆಸಿ, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ನಿಂತಲ್ಲೇ ಉಳಿದವು. ಆ ಉರುಟುತನ ಕಾಣುವುದು ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯ ಅಡ್ಡಬೆಳಕಿನಲ್ಲಿ. ಸ್ಮಾರಕಗಳ ಆವರಣದಲ್ಲಿ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಡ್ರೋನ್ ಅಲ್ಲಿಯೂ ಬೇಡ, ಅಭಯಾರಣ್ಯಗಳಲ್ಲಂತೂ ಬೇಡವೇ ಬೇಡ. ಹಗುರ ಡ್ರೋನ್‌ಗೆ ಪರವಾನಗಿ ಬೇಡ ಎಂದು ಅಂಗಡಿಯವರು ಹೇಳಿದರೂ ಅರಣ್ಯ ಇಲಾಖೆಯ ನಿರ್ಬಂಧಕ್ಕೆ ಅದರಿಂದ ವಿನಾಯಿತಿ ಸಿಗುವುದಿಲ್ಲ.

ಉಡುಪಿ ಕಡೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳನ್ನು ಆಗಸ್ಟಿಗೆ ಯೋಚಿಸಬೇಡಿ, ಮಳೆಗಾಲದಲ್ಲಿ ದೋಣಿ ಇಲ್ಲ.

ಮಕ್ಕಳಿರುವುದರಿಂದ ಒಂದು ಮಾತು ಒತ್ತಿ ಹೇಳಬೇಕು. ಹಳ್ಳದ ನೀರು ಏರುವುದು ನೀವು ನಿಂತಲ್ಲಿ ಮಳೆ ಬಿದ್ದಾಗ ಮಾತ್ರವಲ್ಲ, ಮೇಲೆ ಎಲ್ಲೋ ಬಿದ್ದಾಗಲೂ. ತಿಳಿಯಾಗಿದ್ದ ನೀರು ಕದಡಿದರೆ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ, ಸದ್ದು ಬದಲಾದರೆ ಟ್ರೈಪಾಡ್ ಬಿಟ್ಟಾದರೂ ದಡ ಹತ್ತಿ. ಪಾಚಿಗಟ್ಟಿದ ಕಪ್ಪು ಕಲ್ಲು ಯಾವ ಶೂಗೂ ಹಿಡಿತ ಕೊಡದು. ಜೋಗದ ಬುಡಕ್ಕಿಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮಳೆಗಾಲದಲ್ಲಿ ಮುಚ್ಚಿರುತ್ತಾರೆ. ಬೇರೆ ದಾರಿ ತೋರಿಸುತ್ತೇವೆ ಎನ್ನುವವರ ಮಾತಿಗೆ ಹೋಗಬೇಡಿ.

ಲೆನ್ಸಿನೊಳಗಿನ ಎಳೆಗಳು

ಅದು ಶಿಲೀಂಧ್ರ, ಅಂದರೆ ಫಂಗಸ್. ಗಾಳಿಯ ತೇವ ಶೇಕಡಾ 65–70 ದಾಟಿ, ಕತ್ತಲಲ್ಲಿ, ಗಾಳಿಯಾಡದೆ ಇಟ್ಟರೆ ಬೆಳೆಯುತ್ತದೆ. ಮಲೆನಾಡಿನಿಂದ ನೆನೆದು ಬಂದ ಕ್ಯಾಮೆರಾವನ್ನು ಅದೇ ಒದ್ದೆ ಚೀಲದಲ್ಲಿ ಕಪಾಟಿಗೆ ಸೇರಿಸಿದ್ದೇ ಕಾರಣವಿರಬೇಕು.

ಬಿಸಿಲಿಗಿಟ್ಟರೆ ಸಾಯುತ್ತದೆ ಎನ್ನುತ್ತಾರೆ. ಬಿಸಿಲು ಬೆಳವಣಿಗೆಯನ್ನು ತಡೆದೀತು, ಆದರೆ ಇರುವ ಎಳೆಗಳನ್ನು ತೆಗೆಯದು. ಮೇಲಾಗಿ ಬಿಸಿಗೆ ಒಳಗಿನ ಎಣ್ಣೆ ಹರಡಬಹುದು, ಸೂರ್ಯನ ಕಡೆಗಿಟ್ಟ ಲೆನ್ಸು ಹತ್ತಿರದ ಬಟ್ಟೆಗೆ ಬೆಂಕಿಯನ್ನೂ ಹಚ್ಚಬಲ್ಲದು. ಅಕ್ಕಿಯ ಡಬ್ಬಿಯಲ್ಲಿಡುವುದು ಇನ್ನೊಂದು ತಪ್ಪು. ಅಕ್ಕಿ ತೇವವನ್ನು ಅಷ್ಟಾಗಿ ಹೀರುವುದಿಲ್ಲ, ಅದರ ಹುಡಿ ಮಾತ್ರ ಉಂಗುರಗಳ ಸಂದಿಗೆ ಸೇರುತ್ತದೆ. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಅಂಟುತ್ತದೆ ಎಂಬುದು ಅರ್ಧ ಸತ್ಯ. ಬೀಜಕಣಗಳು ಎಲ್ಲೆಡೆ ಇವೆ, ಬೆಳೆಯುವುದು ತೇವ ಸಿಕ್ಕಲ್ಲಿ.

ಮೊದಲು ಒಂದು ಪರೀಕ್ಷೆ ಮಾಡಿ. ಕಿಟಕಿಯ ಬೆಳಕಿಗೆ ಎದುರಾಗಿ ಒಂದು ಚಿತ್ರ, ಸಾಮಾನ್ಯ ಬೆಳಕಿನಲ್ಲಿ ಎಫ್/11ರಲ್ಲಿ ಒಂದು ಚಿತ್ರ ತೆಗೆಯಿರಿ. ಎದುರು ಬೆಳಕಿನ ಚಿತ್ರ ಮಸುಕಾಗದಿದ್ದರೆ ಈ ಪ್ರವಾಸಕ್ಕೆ ಅದೇ ಲೆನ್ಸ್ ಸಾಕು. ಮಸುಕಾಗಿದ್ದರೆ ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿ ಒರೆಸಿಸಬಹುದು, ಆದರೆ ಫಂಗಸ್ ಗಾಜಿನ ಲೇಪನವನ್ನೇ ತಿಂದಿದ್ದರೆ ಕಲೆ ಉಳಿಯುತ್ತದೆ. 18–55ರ ಮಟ್ಟಿಗೆ ಬಿಚ್ಚಿ ಒರೆಸುವ ಖರ್ಚು ಸೆಕೆಂಡ್ ಹ್ಯಾಂಡ್ ಲೆನ್ಸಿನ ಬೆಲೆಗೆ ಹತ್ತಿರ ಬರುವುದುಂಟು, ಎರಡನ್ನೂ ವಿಚಾರಿಸಿ. ನೀವೇ ಬಿಚ್ಚಲು ಹೋಗಬೇಡಿ.

ಮುಂದೆ ಹೀಗಾಗದಿರಲು ದುಬಾರಿ ಡ್ರೈ ಕ್ಯಾಬಿನೆಟ್ ಬೇಕಿಲ್ಲ. ರಬ್ಬರ್ ಅಂಚಿನ, ಗಾಳಿ ಹೋಗದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಬೇಕು. 30ಕ್ಕಿಂತ ಕೆಳಗೂ ಬೇಡ, ರಬ್ಬರ್ ಒಣಗುತ್ತದೆ. ನೀಲಿ ಹರಳಿನ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದೇ ತನ್ನಿ. ಬಣ್ಣ ಬದಲಾದಾಗ 110–120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ. ಚೀಲವನ್ನು ಈ ಡಬ್ಬಿಗೆ ಸೇರಿಸಬೇಡಿ, ಕ್ಯಾಮೆರಾ ಮತ್ತು ಲೆನ್ಸ್ ಮಾತ್ರ. ಚೀಲವನ್ನು ಪ್ರತ್ಯೇಕವಾಗಿ ಬಿಸಿಲಿಗೆ ಒಣಗಿಸಿ.

ಪ್ರವಾಸದಲ್ಲಿ ಕಾರಿನ ಎಸಿ ಇನ್ನೊಂದು ಶತ್ರು. ತಂಪಾದ ಲೆನ್ಸನ್ನು ಹೊರಗಿನ ಹಸಿ ಗಾಳಿಗೆ ತೆಗೆದ ಕೂಡಲೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಇಳಿಯುವ ಜಾಗಕ್ಕೆ ಅರ್ಧ ಗಂಟೆ ಇರುವಾಗಲೇ ಎಸಿ ನಿಲ್ಲಿಸಿ ಕಿಟಕಿ ತೆರೆಯಿರಿ, ಕ್ಯಾಮೆರಾ ಜಿಪ್ ಹಾಕಿದ ಚೀಲದೊಳಗೇ ನಿಧಾನವಾಗಿ ಹೊರಗಿನ ಬಿಸಿಗೆ ಹೊಂದಲಿ. ಮಳೆಗೆ ಸ್ನಾನದ ಟೋಪಿಯಂಥ ಪ್ಲಾಸ್ಟಿಕ್ ಹೊದಿಕೆ, ಲೆನ್ಸ್ ಹುಡ್, ಒಂದು ಕೊಡೆ, ನಾಲ್ಕು ಮೈಕ್ರೋಫೈಬರ್ ಬಟ್ಟೆ ಸಾಕು. ಬಟ್ಟೆಗಳನ್ನು ಒಂದೊಂದೇ ಬಿಡಿಯಾಗಿ ಪ್ಲಾಸ್ಟಿಕ್ ಪೊಟ್ಟಣದಲ್ಲಿಡಿ, ಒಂದು ಒದ್ದೆಯಾದರೆ ಉಳಿದವು ಒಣಗಿರುತ್ತವೆ. ಪ್ರತಿ ಐದಾರು ಚಿತ್ರಕ್ಕೊಮ್ಮೆ ಮುಂದಿನ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಜೋಗದ ತುಂತುರು ಕಣ್ಣಿಗೆ ಕಾಣದಂತೆ ಕೂರುತ್ತದೆ.

ಖರ್ಚಿನ ಕ್ರಮ ಹೇಳುವುದಾದರೆ ಮೊದಲು ಡಬ್ಬಿ ಮತ್ತು ಜೆಲ್, ನಂತರ ಲೆನ್ಸಿನ ಮುಂಭಾಗದಲ್ಲಿ ಬರೆದಿರುವ ವ್ಯಾಸಕ್ಕೆ ಸರಿಯಾದ ಪೋಲರೈಸರ್, ಆಮೇಲೆ ಗಾಳಿಗೆ ಅಲ್ಲಾಡದ ಟ್ರೈಪಾಡ್. ಉದ್ದ ಲೆನ್ಸನ್ನು ಅಕ್ಟೋಬರಿನ ಕುದುರೆಮುಖಕ್ಕೆ ಹೊರಡುವ ಮುನ್ನ ಕೊಂಡರಾಯಿತು, ಆಗ ದಸರಾ ರಜೆಯೂ ಇರುತ್ತದೆ, ಮಕ್ಕಳ ಶಾಲೆಗೂ ತೊಂದರೆಯಿಲ್ಲ.